ಹಳೇ ಜೋಳದ ಪಾಲು

ಬೆರಳು ಒಳಗೆ ಇಳಿಯಲೇ ಇಲ್ಲ. ಅವಳು ಗಿಡದ ಬುಡಕ್ಕೆ ಇನ್ನಷ್ಟು ಹತ್ತಿರ ಕುಕ್ಕರಗಾಲಲ್ಲಿ ಕೂತು ಮತ್ತೊಮ್ಮೆ ಒತ್ತಿ ನೋಡಿದಳು. ಉಗುರಿನ ಸಂದಿಗೆ ಪುಡಿಮಣ್ಣು ಸೇರಿತೇ ಹೊರತು ತೇವದ ಸುಳಿವೇ ಇರಲಿಲ್ಲ. ತಲೆಯೆತ್ತಿದರೆ ಆ ತಾಕಿನ ಮುಸುಕಿನ ಜೋಳವೆಲ್ಲ ಎಲೆಗಳನ್ನು ಉದ್ದಕ್ಕೆ ಸುರುಳಿ ಸುತ್ತಿಕೊಂಡು, ಬೆಳಗಿನ ಬಿಸಿಲಿಗೇ ಸೋತು ನಿಂತಿತ್ತು. ಕಾಲುದಾರಿಯ ಆಚೆಗಿನ ತಾಕಿನಲ್ಲಿ ಅದೇ ವಯಸ್ಸಿನ ಜೋಳ ಎಲೆಗಳನ್ನು ಅಗಲಕ್ಕೆ ಬಿಟ್ಟುಕೊಂಡು ಹಸಿರಾಗಿತ್ತು.

ಹಸಿರಾಗಿದ್ದುದು ಅವಳದು. ಬಂಡೆಯ ಸಂದಿಯಲ್ಲಿ ಬದುಕುವ ಒಂದು ಕಾಡುಹುಲ್ಲಿನ ಒಂದೇ ಒಂದು ಜೀನನ್ನು ತಂದು ಜೋಳದೊಳಗೆ ಕೂರಿಸಲು ಅವಳ ಅರ್ಧ ಆಯುಸ್ಸು ಹೋಗಿತ್ತು. ಸಂಶೋಧನಾ ಕೇಂದ್ರದಲ್ಲಿ ಎಲ್ಲರ ಬಾಯಲ್ಲೂ ಅವಳು ಜೋಳದ ಮೇಡಂ. ಎದುರಿಗೆ ಮೇಡಂ, ಬೆನ್ನ ಹಿಂದೆ ಬರೀ ಜೋಳ. ಬಾಡಿ ನಿಂತದ್ದು ಆ ಜೀನ್ ಇಲ್ಲದ ಮಾಮೂಲಿ ತಳಿ. ಹೊಸದು ಎಷ್ಟು ವಾಸಿ ಎಂದು ತಿಳಿಯಬೇಕಾದರೆ ಹಳೆಯದು ಪಕ್ಕದಲ್ಲೇ ಇರಬೇಕು. ಎರಡಕ್ಕೂ ಒಂದೇ ಮಣ್ಣು, ಒಂದೇ ಗೊಬ್ಬರ, ಒಂದೇ ಅಳತೆಯ ನೀರು. ಸಾಮಾನ್ಯವಾಗಿ ಕೊಡುವುದರ ಅರ್ಧ, ಆದರೆ ಎರಡಕ್ಕೂ ಅರ್ಧ. ಮಕ್ಕಳ ಓಟದಲ್ಲೂ ಎಲ್ಲರನ್ನೂ ಒಂದೇ ಗೆರೆಯ ಮೇಲೆ ತಾನೇ ನಿಲ್ಲಿಸುವುದು.

ವಾರದಿಂದ ಪರವೂರಿನ ಸಭೆಯಲ್ಲಿದ್ದವಳು ಆ ಬೆಳಿಗ್ಗೆ ಹೆಗಲಿನ ಚೀಲವನ್ನೂ ಇಳಿಸದೆ ನೇರ ಹೊಲಕ್ಕೆ ಬಂದಿದ್ದಳು. ಪೈಪು ಎಲ್ಲೋ ಕಟ್ಟಿಕೊಂಡಿರಬೇಕು ಎಂದುಕೊಂಡು ಅದರ ಜಾಡು ಹಿಡಿದು ಹೊರಟಳು. ತಾಕಿನ ಮೂಲೆಯಲ್ಲಿ ವಾಲ್ವ್ ಮುಚ್ಚಿತ್ತು. ಮುಚ್ಚಿದ್ದಷ್ಟೇ ಅಲ್ಲ, ಯಾರೂ ತಪ್ಪಿ ತಿರುಗಿಸದಿರಲೆಂದು ಅದರ ಹಿಡಿಗೆ ತಂತಿ ಬಿಗಿದಿತ್ತು.

ಕೇಂದ್ರದ ನೀರೆಲ್ಲ ಹೊಲದ ಮೇಲ್ವಿಚಾರಕನ ಕೈಯಲ್ಲಿದ್ದುದರಿಂದ ಅವನಿಗೆ ನಲ್ಲಿಯಣ್ಣ ಎಂದೇ ಹೆಸರು. ಅವನು ನೆರಳಿನಲ್ಲಿ ನಿಂತು ಚಪ್ಪರಕ್ಕೆ ಕಂಬ ನೆಡಿಸುತ್ತಿದ್ದ.

"ಆ ವಾಲ್ವಿಗೆ ತಂತಿ ಕಟ್ಟಿದ್ದು ಯಾರು?"

"ನಾನೇ ಮೇಡಂ."

"ಯಾಕೆ?"

"ದೊಡ್ಡ ಸಾರ್ ಹೇಳಿದ್ರು. ನಾಳೆ ರೈತರು ನೋಡೋಕೆ ಬರ್ತಾರಲ್ಲ, ಎರಡಕ್ಕೂ ವ್ಯತ್ಯಾಸ ಎದ್ದು ಕಾಣ್ಲಿ ಅಂತ." ಅವಳ ಮುಖ ನೋಡಿ ಅವನು ಗಾಬರಿಯಾದ. "ನಿಮ್ಮ ಜೋಳಕ್ಕೇನೂ ನಿಲ್ಲಿಸಿಲ್ಲ ಮೇಡಂ! ಅದಕ್ಕೆ ಹೊತ್ತುಹೊತ್ತಿಗೆ ಬಿಟ್ಟಿದೀನಿ. ಬೇಕಾದ್ರೆ ಮುಟ್ಟಿ ನೋಡಿ."

ಮಗುವನ್ನು ಚೆನ್ನಾಗಿ ನೋಡಿಕೊಂಡೆ ಎಂದು ಹೇಳುವ ಆಯಾಳ ಹೆಮ್ಮೆ ಅವನ ದನಿಯಲ್ಲಿತ್ತು. ಇವನ ಮೇಲೆ ಕೂಗಾಡಿ ಏನು ಬಂತು? ಸಿಟ್ಟನ್ನು ಅಲ್ಲಿ ಚೆಲ್ಲಿಕೊಳ್ಳದೆ ಅವಳು ನಿರ್ದೇಶಕರ ಕೋಣೆಯ ಕಡೆ ನಡೆದಳು.

ದೊಡ್ಡ ಸಾರ್ ಅವಳಿಗೆ ಪಾಠ ಹೇಳಿದವರು. ಓದುವ ಕಾಲದಲ್ಲಿ ಒಮ್ಮೆ ಅವಳು ತನಗೆ ಇಷ್ಟವಾದ ಸಸಿಯ ಕುಂಡವನ್ನು ಮೆಲ್ಲಗೆ ಕಿಟಕಿಯ ಬೆಳಕಿಗೆ ಸರಿಸಿದ್ದಳು. ಅದನ್ನು ಕಂಡ ಇದೇ ಮನುಷ್ಯ, "ಇದು ಪ್ರಯೋಗವೋ, ಲಾಲನೆಯೋ?" ಎಂದು ಇಡೀ ತರಗತಿಯ ಎದುರು ಅವಳ ಮಾನ ಕಳೆದಿದ್ದರು. ಅವತ್ತು ಅತ್ತವಳು ಮುಂದೆಂದೂ ಯಾವ ಕುಂಡವನ್ನೂ ಕಳ್ಳತನದಲ್ಲಿ ಸರಿಸಿರಲಿಲ್ಲ. ಈಗ ಅವರ ಕುರ್ಚಿಯ ಹಿಂದಿನ ಗೋಡೆಯಲ್ಲಿ ನಾಳೆಯ ಪೋಸ್ಟರು ತೂಗುತ್ತಿತ್ತು. ಬಿರುಕು ಬಿಟ್ಟ ನೆಲದ ಮೇಲೆ ಕಣ್ಣು ಮೂಗು ಬರೆದ ಒಂದು ತೆನೆ ಹಲ್ಲು ಕಿರಿಯುತ್ತಿತ್ತು. ಕೆಳಗೆ ದಪ್ಪ ಅಕ್ಷರಗಳಲ್ಲಿ, 'ನೀರಿಲ್ಲದೆಯೂ ನಗುವ ಜೋಳ!'

"ಕೂತ್ಕೋಮ್ಮ. ಪ್ರಯಾಣ ಹೇಗಾಯ್ತು?"

"ಹಳೇ ಜೋಳಕ್ಕೆ ನೀರು ಯಾಕೆ ನಿಲ್ಲಿಸಿದ್ರಿ ಸಾರ್?"

ಅವರಿಗೆ ಒಂದಿಷ್ಟೂ ಮುಜುಗರವಾಗಲಿಲ್ಲ. ಅವಳಿಗೆ ಹೆಚ್ಚು ಚುಚ್ಚಿದ್ದು ಅದೇ.

"ಪ್ರಯೋಗ ಬೇರೆ, ಪ್ರದರ್ಶನ ಬೇರೆ. ನಿನ್ನ ಪ್ರಯೋಗ ಹೋದ ಬೆಳೆಗೇ ಮುಗಿದಿದೆ, ಫಲಿತಾಂಶಾನೂ ಬಂದಿದೆ. ಇದು ಜನಕ್ಕೆ ತೋರಿಸೋಕೆ ಅಂತ ಹಾಕಿರೋದು."

"ಏನನ್ನ ತೋರಿಸೋಕೆ? ನೀರು ಕುಡಿದ ಗಿಡ ಕುಡೀದೇ ಇರೋ ಗಿಡಕ್ಕಿಂತ ಚೆನ್ನಾಗಿರುತ್ತೆ ಅಂತಾನಾ? ಅದಕ್ಕೆ ಜೀನ್ ಯಾಕೆ ಸಾರ್, ಒಂದು ಬಿಂದಿಗೆ ಸಾಕಿತ್ತು."

ದೊಡ್ಡ ಸಾರ್ ನಕ್ಕರು. "ಬಾಯಿ ಮಾತ್ರ ಹಾಗೇ ಇದೆ ನಿಂದು. ನೋಡು, ನೂರು ಚೀಲ ಬರೋ ಕಡೆ ನೂರ ಹದಿನೈದು ಬರುತ್ತೆ ಅಂದ್ರೆ ಅದು ಯಾರ ಕಣ್ಣಿಗೆ ಕಾಣುತ್ತೆ? ಅಷ್ಟು ದೂರದಿಂದ ಬಂದೋರು ಎರಡೂ ಒಂದೇ ಥರ ಇದೆಯಲ್ಲ ಅಂತ ಟೀ ಕುಡಿದು ವಾಪಸ್ಸು ಹೋಗ್ತಾರೆ."

"ಹೋಗ್ಲಿ ಬಿಡಿ. ಆ ಹದಿನೈದೇ ನಿಜ. ಅದೇನು ಕಮ್ಮಿನಾ? ಅದಕ್ಕೋಸ್ಕರ ನಾನು ಇಷ್ಟು ವರ್ಷ ಕತ್ತೆ ಥರ ದುಡಿದಿದೀನಿ. ನೀವು ಅದನ್ನೇ ನಾಚಿಕೆಗೇಡು ಅನ್ನೋ ಹಾಗೆ ಮುಚ್ಚಿಡ್ತಿದೀರಿ."

ಅವರ ನಗು ಅಲ್ಲಿಗೆ ನಿಂತಿತು. "ಗೇಟಿನ ಆಚೆ ಕಲ್ಲು ಹಿಡ್ಕೊಂಡು ನಿಂತಿರೋರಿದ್ದಾರೆ, ಜೀನ್ ಅಂದ್ರೇನೇ ವಿಷ ಅನ್ನೋರು. ಅವರ ಕೈಗೆ ನೀನೇ ಕಲ್ಲು ಆರಿಸಿಕೊಡ್ತೀಯಾ? ನಾಳೆ ಇದು ಸಪ್ಪೆ ಆದ್ರೆ ಮೇಲಿನೋರು ಕೆಲಸಾನೇ ನಿಲ್ಲಿಸ್ತಾರೆ. ಆಮೇಲೆ ನಿನ್ನ ಆ ಹದಿನೈದೂ ಮಣ್ಣುಪಾಲು."

"ಕಲ್ಲು ಆರಿಸ್ತಾ ಇರೋದು ನೀವು ಸಾರ್. ಇದನ್ನ ನಂಬಿ ಬಿತ್ತಿದ ಮೊದಲನೇ ಹೊಲ ಒಣಗಿದ ದಿನ, ಅವರು ಹೇಳ್ತಾ ಇದ್ದದ್ದೆಲ್ಲ ನಿಜ ಆಗುತ್ತೆ."

"ಬೇಕಾದ್ರೆ ನಾಳೆ ಒಂದು ದಿನ ರಜಾ ತಗೋ," ಎಂದು ಅವರು ಕನ್ನಡಕ ಏರಿಸಿ ಮುಂದಿನ ಕಾಗದ ಎಳೆದುಕೊಂಡರು.

ಅವಳು ಕೋಣೆಯಿಂದ ಹೊರಗೆ ಬಂದಳು. ಒಬ್ಬ ತಾಯಿಯ ಕೂಸಿಗೆ ಪದಕ ಕೊಡಿಸಲು ಪಕ್ಕದ ಮನೆಯ ಕೂಸಿನ ಕಾಲು ಕಟ್ಟಿಹಾಕಿ, ಮೇಲಿಂದ ಆ ತಾಯಿಯೇ ಥ್ಯಾಂಕ್ಸ್ ಹೇಳಬೇಕೆಂದು ಕಾಯುವವರಿಗೆ ಏನೆನ್ನಬೇಕು? ಅವಳ ಜೋಳಕ್ಕೆ ಈ ಭಿಕ್ಷೆ ಬೇಕಿರಲಿಲ್ಲ.

ಸಂಜೆ ಮನೆಗೆ ಬಂದರೆ ತಮ್ಮ ಆಗಲೇ ಬಂದು ಅಡುಗೆಮನೆಯ ಸ್ಟೂಲಿನ ಮೇಲೆ ಕೂತಿದ್ದ. ಅಪ್ಪನ ಹೊಲವನ್ನು ನೋಡಿಕೊಳ್ಳುವವನು ಅವನೇ. ನಲವತ್ತು ದಾಟಿದರೂ ಅವಳಿಗೆ ಪುಟ್ಟ. ಅವನ ಕೈಯಲ್ಲಿ ಅದೇ ಪೋಸ್ಟರು ಸುರುಳಿಯಾಗಿತ್ತು.

"ಅಕ್ಕಾ, ನಮ್ಮ ಕಡೆ ಪ್ರತಿ ಅಂಗಡಿ ಬಾಗಿಲಿಗೂ ಇದೇ! ಅಕ್ಕ ಮಾಡಿದ್ದು ಅಂತ ಹೇಳಿ ಹೇಳಿ ನನ್ನ ಗಂಟಲು ಬಿದ್ದುಹೋಯ್ತು. ನಾಳೆ ಬಸ್ಸು ತುಂಬ ಬರ್ತಿದಾರೆ."

ಅವಳು ಚಹಾಕ್ಕೆ ನೀರಿಟ್ಟಳು. ಅವನು ಮಾತು ನಿಲ್ಲಿಸುವ ಲಕ್ಷಣ ಕಾಣಲಿಲ್ಲ. "ಈ ಸಲ ಇಡೀ ಹೊಲಕ್ಕೆ ಇದೇ. ಬಾವಿ ಹೂಳು ತೆಗೆಸೋ ರಗಳೆ ಇಲ್ಲ, ಕರೆಂಟಿಗೆ ಕಾಯೋ ಗೋಳಿಲ್ಲ. ಪಂಪು ಬಾಮೈದನಿಗೆ ಕೊಡ್ತೀನಿ ಅಂದುಬಿಟ್ಟಿದೀನಿ. ನಾಳೆ ಸಂಜೆ ಬಂದು ಬಿಚ್ಕೊಂಡು ಹೋಗ್ತಾನೆ."

ಅವಳು ಒಲೆ ಬಿಟ್ಟು ಅವನ ಕಡೆ ತಿರುಗಿದಳು. "ಪಂಪು ಕೊಟ್ಟುಬಿಡ್ತೀಯಾ? ಪುಟ್ಟಾ, ಇದಕ್ಕೂ ನೀರು ಬೇಕು ಕಣೋ! ಸ್ವಲ್ಪ ಕಮ್ಮಿಯಾದ್ರೆ ತಡ್ಕೊಳುತ್ತೆ, ಅಷ್ಟೇ. ಪೂರ್ತಿ ನಿಲ್ಲಿಸಿದ್ರೆ ಇದೂ ಸಾಯುತ್ತೆ."

ಅವನು ತೊಡೆ ತಟ್ಟಿಕೊಂಡು ನಕ್ಕ. "ನೀನು ಮೊದಲಿಂದಲೂ ಹೀಗೇ. ಶಾಲೆಗೇ ಫಸ್ಟ್ ಬಂದ ದಿನಾನೂ ಏನೋ ಪಾಸಾದೆ ಅಂದೋಳು."

"ತಮಾಷೆ ಅಲ್ಲ. ಆ ಪೋಸ್ಟರಲ್ಲಿರೋದು ಸುಳ್ಳು."

"ಅಷ್ಟು ದೊಡ್ಡ ಸಂಸ್ಥೆ ಸುಳ್ಳು ಅಚ್ಚು ಹಾಕಿಸುತ್ತಾ? ನಿನ್ನನ್ನೇ ಕೆಲಸಕ್ಕೆ ಇಟ್ಕೊಂಡಿರೋರು! ಹೋಗ್ಲಿ, ನಾಳೆ ಕಣ್ಣಾರೆ ನೋಡ್ತೀನಲ್ಲ, ಆಮೇಲೆ ಹೇಳು. ಕಣ್ಣಿಗಿಂತ ಸಾಕ್ಷಿ ಬೇಕಾ?"

 ಇವನನ್ನು ಕೂರಿಸಿಕೊಂಡು ತಂತಿಯ ಕತೆಯನ್ನೆಲ್ಲ ಹೇಳಬಹುದು. ಅಕ್ಕನ ಮೇಲಾಣೆ ಎಂದರೆ ನಂಬಿಯೂ ನಂಬುತ್ತಾನೆ. ಬಸ್ಸು ತುಂಬ ಬರುವವರನ್ನು ಯಾರು ಕೂರಿಸಿಕೊಂಡು ಹೇಳಬೇಕು? ಅವರಿಗೂ ಪಂಪುಗಳಿವೆ, ಬಾಮೈದಂದಿರಿದ್ದಾರೆ. ಅವರೂ ಕಣ್ಣಾರೆ ನೋಡಿ ಹೋಗುವವರು. ಆ ಕಣ್ಣುಗಳಿಗೇ ಮಣ್ಣೆರಚಲು ಹೊರಟಿದ್ದಾರೆ, ಅದೂ ತನ್ನ ಹೆಸರು ಹೇಳಿಕೊಂಡು.

ಮರುದಿನ ಹೊತ್ತು ಮೂಡುವಾಗ ಅವಳು ತಾಕಿನ ಮೂಲೆಯಲ್ಲಿ ಮಂಡಿಯೂರಿದ್ದಳು. ನಲ್ಲಿಯಣ್ಣ ತಂತಿಯನ್ನು ಜೀವಮಾನಕ್ಕಾಗುವಷ್ಟು ಬಿಗಿದಿದ್ದ. ಬಿಚ್ಚುವಾಗ ಹೆಬ್ಬೆರಳಿಗೆ ಚುಚ್ಚಿ ರಕ್ತ ಬಂತು. ವಾಲ್ವ್ ತಿರುಗಿಸಿದಾಗ ಪೈಪು ಮೊದಲು ಗಾಳಿ ಉಗುಳಿತು, ಆಮೇಲೆ ಒಂದೊಂದು ಬುಡದಲ್ಲೂ ಹನಿ ಬೀಳತೊಡಗಿತು. ಬೆನ್ನ ಹಿಂದೆ ಹೆಜ್ಜೆ ಸದ್ದಾಯಿತು. ನಲ್ಲಿಯಣ್ಣ ನಿಂತಿದ್ದ. ಅವನು ಪೈಪು ನೋಡಿದ, ಅವಳ ಹೆಬ್ಬೆರಳು ನೋಡಿದ.

"ಕುರ್ಚಿ ಕಮ್ಮಿ ಬೀಳುತ್ತೆ ಮೇಡಂ, ತಂದುಬಿಡ್ತೀನಿ," ಎಂದು ಗೋದಾಮಿನ ಕಡೆ ಹೊರಟುಹೋದ. ಎಷ್ಟೋ ಹೊತ್ತು ಬರಲಿಲ್ಲ.

ಅವಳು ಹಳೇ ಜೋಳಕ್ಕೆ ಹೆಚ್ಚು ಕೊಡಲಿಲ್ಲ. ಅದರ ಪಾಲಿಗೆ ಬರಬೇಕಿದ್ದ ಅರ್ಧವನ್ನೇ ಕೊಟ್ಟು ವಾಲ್ವ್ ಮುಚ್ಚಿದಳು.

ಮೊದಲಿಗೆ ಏನೂ ಆಗಲಿಲ್ಲ. ಬಸ್ಸುಗಳು ಬಂದವು, ಜನ ಇಳಿದರು, ಪೋಸ್ಟರು ಹಂಚಿದರು. ಎಲ್ಲರನ್ನೂ ನೇರ ಚಪ್ಪರದಡಿ ಕೂರಿಸಿದ್ದಾಯಿತು. ಮೊದಲು ಮಾತು, ಆಮೇಲೆ ನೋಟ ಎಂಬುದು ದೊಡ್ಡ ಸಾರ್ ಹಾಕಿದ ಕ್ರಮ. ಮೇಲಿನವರು ತಡವಾಗಿ ಬಂದು ಹಾರ ಹಾಕಿಸಿಕೊಂಡರು. ಅಷ್ಟರಲ್ಲಿ ಚಪ್ಪರದ ಕಂಬಕ್ಕೆ ಒರಗಿ ನಿಂತಿದ್ದ ಅವಳು ಕಂಡಳು: ಹಳೇ ತಾಕಿನ ಮುಂದಿನ ಸಾಲಿನಲ್ಲಿ ಒಂದು ಎಲೆ, ಆಮೇಲೆ ಅದರ ಪಕ್ಕದ್ದು, ಸುರುಳಿ ಸಡಿಲಿಸುತ್ತಿದ್ದವು. ಕೆಳಗಿನ ಎಲೆಗಳ ತುದಿ ಸುಟ್ಟದ್ದು ಸುಟ್ಟೇ ಇತ್ತು. ಮೇಲಿನವು ಮಾತ್ರ ಆತುರವೇ ಇಲ್ಲದೆ ಅಗಲವಾಗುತ್ತಿದ್ದವು.

ದೊಡ್ಡ ಸಾರ್ ತಾಕುಗಳಿಗೆ ಬೆನ್ನು ಹಾಕಿ ಮೈಕಿನ ಮುಂದೆ ನಿಂತಿದ್ದರು. ಚೆನ್ನಾಗಿ ಮಾತಾಡಿದರು. ಅನ್ನದಾತರು ಎಂದರು, ವಿಜ್ಞಾನ ಎಂದರು, ದನಿ ಏರಿಸಿ ಇಳಿಸಿದರು. ಕೊನೆಗೆ ತಿರುಗಿ ನೋಡದೆಯೇ ಎಡಗೈಯನ್ನು ಹಿಂದಕ್ಕೆ ಚಾಚಿದರು.

"ಈ ಕಡೆ ನಿಮ್ಮ ಹಳೇ ಜೋಳ. ನೀವೇ ನೋಡ್ತಿದೀರಿ ಅದರ ಪಾಡು. ಬಾಡಿ ಬತ್ತಿಹೋಗಿದೆ!"

ಯಾರೂ ತಲೆದೂಗಲಿಲ್ಲ. ಮುಂದಿನ ಸಾಲಿನ ಮುದುಕರೊಬ್ಬರು ಹಣೆಗೆ ಕೈ ಅಡ್ಡ ಹಿಡಿದು ಆಚೀಚೆ ನೋಡಿದರು. "ಯಾವುದು ಸ್ವಾಮಿ ಬಾಡಿರೋದು? ಎರಡೂ ಚೆನ್ನಾಗೇ ಇದೆಯಲ್ಲ!"

ಚಪ್ಪರದಲ್ಲಿ ನಗು ಹಬ್ಬಿತು. ದೊಡ್ಡ ಸಾರ್ ತಿರುಗಿದರು.  ಮೈಕು ಅವರ ಉಸಿರನ್ನು ಮಾತ್ರ ಎಲ್ಲರಿಗೂ ಕೇಳಿಸುತ್ತಿತ್ತು.

ತಮ್ಮ ಎದ್ದು ಹೋಗಿ ಹಳೇ ಜೋಳದ ಬುಡದಲ್ಲಿ ಕೂತು ಮಣ್ಣಿಗೆ ಬೆರಳು ಒತ್ತಿದ. ಅದು ಸಲೀಸಾಗಿ ಇಳಿಯಿತು. ಕಾಲುದಾರಿ ದಾಟಿ ಹೊಸದರ ಬುಡಕ್ಕೂ ಒತ್ತಿದ. ಕೆಸರು ಮೆತ್ತಿದ ಬೆರಳನ್ನು ಎತ್ತಿ ಹಿಡಿದುಕೊಂಡೇ ಕೇಳಿದ:

"ಅಕ್ಕಾ, ಇದಕ್ಕೂ ನೀರು ಬಿಟ್ಟಿದೆಯಲ್ಲ?"

"ಬಿಟ್ಟಿದೆ." ಮೈಕಿಲ್ಲದೆಯೂ ಅವಳ ದನಿ ಹಿಂದಿನ ಸಾಲಿಗೆ ಮುಟ್ಟಿತು. "ಹೊಸದಕ್ಕೆ ಒಂದು ದಿನಾನೂ ನಿಲ್ಲಿಸಿಲ್ಲ. ಹಳೇದಕ್ಕೆ ನಿಮ್ಮ ಕಣ್ಣಿಗೆ ಬಾಡಿ ಕಾಣ್ಲಿ ಅಂತ ವಾರದಿಂದ ನಿಲ್ಲಿಸಿದ್ರು. ಇವತ್ತು ನಾನು ಬಿಟ್ಟೆ. ನೀರು ಕಮ್ಮಿಯಾದ್ರೆ ಹೊಸದು ಹಳೇದಕ್ಕಿಂತ ಸ್ವಲ್ಪ ಹೆಚ್ಚು ಕೊಡುತ್ತೆ, ನೂರಕ್ಕೆ ಹದಿನೈದು. ನೀರೇ ಇಲ್ದಿದ್ರೆ ಎರಡೂ ಸಾಯುತ್ತೆ."

ಅವಳು ವೇದಿಕೆಗೆ ನಡೆದು, ಮುಷ್ಟಿಯಲ್ಲಿದ್ದ ತಂತಿಯನ್ನು ದೊಡ್ಡ ಸಾರ್ ಎದುರಿನ ಮೇಜಿನ ಮೇಲೆ, ಅವರ ನೀರಿನ ಲೋಟದ ಪಕ್ಕ ಇಟ್ಟಳು. "ಇದು ನಿಮ್ಮದು ಸಾರ್."

"ಸಂಜೆ ನನ್ನ ಕೋಣೆಗೆ ಬಾ," ಎಂದರು ಅವರು, ತುಟಿ ಅಲುಗಿಸದೆ. ಮೈಕು ಅದನ್ನೂ ಎಲ್ಲರಿಗೂ ಕೇಳಿಸಿತು.

ಮೇಲಿನವರ ಕಾರು ಟೀಗೂ ಕಾಯದೆ ಹೊರಟಿತು. ಜನ ತಾಕುಗಳೊಳಗೆ ನುಗ್ಗಿ ಎಲೆ ಮುಟ್ಟುತ್ತ, ಬುಡ ಕೆದಕುತ್ತ, ಜೋರುಜೋರಾಗಿ ವಾದ ಮಾಡತೊಡಗಿದರು. ತಮ್ಮ ಫೋನು ಕಿವಿಗಿಟ್ಟುಕೊಂಡು ಬದುವಿನ ಮೇಲೆ ಅತ್ತಿಂದಿತ್ತ ನಡೆಯುತ್ತಿದ್ದ.

"ಪಂಪು ಬಿಚ್ಚಬೇಡ ಮಾರಾಯಾ. ಹೌದು, ಇರ್ಲಿ ಅಲ್ಲೇ. ಇಲ್ಲ ಇಲ್ಲ, ಜೋಳ ಚೆನ್ನಾಗೇ ಇದೆ. ಚೆನ್ನಾಗಿರೋದಕ್ಕೇ ಹೇಳ್ತಿರೋದು."

ಫೋನು ಜೇಬಿಗಿಳಿಸಿ ಅವನು ಅಕ್ಕನ ಬಳಿ ಬಂದ.  ಕಂಕುಳಲ್ಲಿದ್ದ ಪೋಸ್ಟರನ್ನು ಬಿಡಿಸಿ, ಹಳೇ ಜೋಳದ ಪಕ್ಕದ ಒದ್ದೆ ಬದುವಿನ ಮೇಲೆ ಹಾಸಿ, ಅವಳನ್ನು ಕೂರಿಸಿ ತಾನೂ ಕೂತ. ಇಬ್ಬರ ನಡುವೆ ಉಳಿದ ಜಾಗದಲ್ಲಿ ಆ ತೆನೆ ಇನ್ನೂ ಹಲ್ಲು ಕಿರಿಯುತ್ತಿತ್ತು. ಕೆಳಗಿನ ಮಣ್ಣಿನ ತೇವ ಮೆಲ್ಲಗೆ ಕಾಗದಕ್ಕೆ ಏರುತ್ತಿತ್ತು.