ನಕ್ಷೆಯಲ್ಲಿ ನಮ್ಮ ತಗಡು ನೀಲಿ

"ಪಿಲ್ಲರಿನ ಗ್ವಾಣಿಚೀಲ ಕದ್ದು ಶೆಡ್ ಮ್ಯಾಲ ಹಾಸ್ಕೊಂಡೀಯೇನ್ ಲೇ ಹಲ್ಕಟ್ ಮುದುಕಿ? ಪಿಲ್ಲರ್ ಬಿರಕ್ ಬಿಟ್ರ ನಿಮ್ಮಪ್ಪ ಬರ್ತಾನೇನು ಮೆತ್ತಾಕ?"

ಮೇಸ್ತ್ರಿ ಅಮೃತಪ್ಪ ನಮ್ಮ ತಗಡಿನ ಮೇಲಿದ್ದ ಒದ್ದೆ ಚೀಲಗಳನ್ನು ಎಳೆದೆಳೆದು ಎಸೆಯುತ್ತಿದ್ದ. ಯಾದಗಿರಿಯಿಂದ ನಮ್ಮನ್ನು ಕೊಂಡಾಪುರದ ಈ ಕಟ್ಟಡದ ಕೆಲಸಕ್ಕೆ ಕರೆತಂದವನು ಅವನೇ. ಅವನು ಎಸೆದದ್ದನ್ನು ನನ್ನ ಅತ್ತೆ ಗದಿಗೆಮ್ಮ ಆರಿಸಿ ಮಡಿಚಿಡುತ್ತಿದ್ದಳು. ನಾನು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಬಾಗಿಲಲ್ಲಿ ಕೂತಿದ್ದೆ.

ಹೊಸ ಕಾಂಕ್ರೀಟು ಬಿಸಿಲಿಗೆ ಬಿರಿಯಬಾರದಲ್ಲ, ಅದಕ್ಕೆ ಚೀಲ ಸುತ್ತಿ ಹೊತ್ತುಹೊತ್ತಿಗೆ ನೀರು ಕುಡಿಸುವುದು ನನ್ನ ಕೆಲಸ. ಸಾಫ್ಟ್‌ವೇರಿನವರ ಮನೆಯ ಕಂಬಕ್ಕಿರುವ ಬಾಣಂತನ ನನ್ನ ಕೂಸಿಗಿಲ್ಲ.

"ಕೂಸಿಗೆ ಮೈಯೆಲ್ಲ ಉರಿ ಏರೇತ್ರಿ," ಅಂದಳು ಅತ್ತೆ. "ಹಾಲು ಒಲ್ಲೆ ಅಂತೈತಿ. ಮುಂಜಾನಿಂದ ಉಚ್ಚಿ ಸೈತ ಹೊಯ್ದಿಲ್ಲ."

"ಹಂಗಾರ ಊರಿಗೆ ನಡೀರಿ. ಅಲ್ಲಿ ಎ.ಸಿ. ಹಾಕಿಸ್ಯಾರೇನು ನಿಮ್ಮ ಗಂಡಗೋಳು?"

ಅಷ್ಟರಲ್ಲಿ ಸೈಟ್ ಇಂಜಿನಿಯರ್ ಚಂದ್ರಹಾಸ ಬಂದ. ಜೊತೆಗೆ ನಳಿನಿ ಎಂಬ ಹುಡುಗಿ. ಮೈಸೂರಿನವಳಂತೆ. ಉಪಗ್ರಹ ತೆಗೆದ ಚಿತ್ರ ನೋಡಿ ಈ ಊರಿನಲ್ಲಿ ಎಲ್ಲೆಲ್ಲಿ ಕಾವು ಹೆಚ್ಚು ಎಂದು ಹೇಳುವವಳು. ತಂಪಿಗೆ ಶೆಡ್ಡಿನ ಮೇಲೆ ಹುಲ್ಲು ಹೊದಿಸಿರೆಂದು ಇಂಜಿನಿಯರನ್ನು ಕೇಳಿ ಕೇಳಿ ನಮ್ಮ ಬಾಯಿ ಒಣಗಿತ್ತು. ಚಂದ್ರಹಾಸ ಅವಳ ಕೈಯ ನಕ್ಷೆ ತೆಗೆದುಕೊಂಡು ಅತ್ತೆಯ ಮುಖಕ್ಕೆ ಹಿಡಿದ.

"ನೋಡಿ, ಆಕಾಶದಿಂದ ತೆಗೆದದ್ದು. ಕೆಂಪು ಅಂದ್ರೆ ಬಿಸಿ, ನೀಲಿ ಅಂದ್ರೆ ತಂಪು. ನಮ್ಮ ಬಿಲ್ಡಿಂಗ್ ಕೆಂಪು, ನಿಮ್ಮ ತಗಡು ನೀಲಿ. ಹುಲ್ಲು ಯಾಕೆ ಮಾರಾಯ್ರೆ?"

"ಸರ್, ಅದು ಹಾಗಲ್ಲ," ಅಂದಳು ನಳಿನಿ. "ಹೊಳೆಯೋ ತಗಡಿನ ಬಿಸಿ ಸ್ಯಾಟಲೈಟ್‌ಗೆ ಸರಿಯಾಗಿ ಕಾಣಿಸಲ್ಲ. ಅದಕ್ಕೇ ಸುಳ್ಳು ನೀಲಿ. ಒಳಗೆ ಅಳೆದು ನೋಡೋಕೇ ನಾನು ಬಂದಿದ್ದು."

ಮಾಪಕ ಹಿಡಿದು ಬಗ್ಗಿ ಒಳಗೆ ಹೋದವಳು ಹೋದಷ್ಟೇ ಬೇಗ ಹೊರಗೆ ಬಂದಳು. ತನ್ನ ಬಾಟಲಿಯ ನೀರು ಗಟಗಟ ಕುಡಿದಳು.

"ತಿದ್ದಿ ರಿಪೋರ್ಟ್ ಕೊಡ್ತೀನಮ್ಮ."

"ಯಾವಾಗರಿ?" ಅಂದಳು ಅತ್ತೆ.

"ಮಳೆಗಾಲದ ಹೊತ್ತಿಗೆ ಆಗುತ್ತೆ."

ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಆ ದಿನ ನನಗೆ ಏನೂ ಬರುತ್ತಿರಲಿಲ್ಲ, ಬೆವರು ಕೂಡ.

"ಅಲ್ಲೀತನಾ ಇದೇ ಖರೇ," ಅಮೃತಪ್ಪ ನಕ್ಕ. "ಲೇ ಮುದುಕಿ, ನೀ ಊಟಿಯಾಗ ಅದೀ!"

ಅತ್ತೆ ನಕ್ಷೆಯ ಕೆಂಪಿನ ಮೇಲೆ ಬೆರಳಿಟ್ಟಳು. "ಇದು ಯಾವ್ದುರಿ?"

"ನಮ್ಮ ಆಫೀಸು, ಸ್ಯಾಂಪಲ್ ಫ್ಲಾಟು," ಅಂದ ಚಂದ್ರಹಾಸ.

"ಭಾಳ ಸುಡತೈತೇನ್ರಿ?"

"ಫೋಟೋದಲ್ಲಿ ಹಾಗೇ ಉಂಟಲ್ಲ."

ಅತ್ತೆ ನನ್ನ ತೊಡೆಯಿಂದ ಕೂಸನ್ನು ಎತ್ತಿಕೊಂಡಳು. "ಏಳಬೇ. ಪಾಪ, ಸಾಹೇಬ್ರು ಸುಟ್ಕೊಂಡು ಕುಂತಾರ. ಅವ್ರು ನಮ್ಮ ನೀಲಿಯಾಗ ಇರಲಿ. ನಾವು ಕೆಂಪಿನಾಗ ಇರೂಣು."

ಮಡಿಚಿಟ್ಟ ಚೀಲ ಎತ್ತಿಕೊಂಡು ನಾನು ಅವಳ ಹಿಂದೆ ನಡೆದೆ. ಶೆಡ್ಡುಗಳ ಸಾಲಿನ ಹೆಂಗಸರೂ ಮಕ್ಕಳನ್ನು ಕಟ್ಟಿಕೊಂಡು ಎದ್ದರು. "ಲೇ ಸೂಳೇರಾ, ಒಳಗ ಕಾಲಿಟ್ರ ಕಾಲು ಮುರೀತೀನಿ," ಎಂದು ಅಮೃತಪ್ಪ ಕಿರುಚುತ್ತ ಓಡಿಬಂದ. ಸ್ಯಾಂಪಲ್ ಫ್ಲಾಟಿನ ಗಾಜಿನ ಬಾಗಿಲು ತನ್ನಷ್ಟಕ್ಕೇ ತೆರೆಯಿತು. ಒಳಗೆ ಮನೆ ಕೊಳ್ಳಲು ಬಂದು ಅಡುಗೆಮನೆ ನೋಡುತ್ತಿದ್ದ ಗಂಡಹೆಂಡತಿ ಗೋಡೆಗೆ ಸರಿದರು. ಅತ್ತೆ ಕೂಸನ್ನು ಬಿಳಿ ಕಲ್ಲಿನ ನೆಲದ ಮೇಲೆ ಮಲಗಿಸಿ ಒದ್ದೆ ಚೀಲ ಹೊದಿಸಿದಳು. ನಾವೆಲ್ಲ ಸುತ್ತ ಕೂತೆವು.

ಚಂದ್ರಹಾಸ ಎ.ಸಿ. ಆರಿಸಿದ.

"ಆರಸ್ರಿ. ಕಲ್ಲು ಇನ್ನಾ ತಣ್ಣಗೈತಿ," ಅಂದಳು ಅತ್ತೆ.

ಕೂಸು ಅಳಲಿಲ್ಲ. ನಾನು ಅದರ ಪಾದ ಹಿಡಿದುಕೊಂಡಿದ್ದೆ. ಪಾದ ಮೆಲ್ಲಗೆ ತಣ್ಣಗಾಗುತ್ತಿತ್ತು. ಅದು ಒಳ್ಳೆಯ ತಂಪೋ ಅಲ್ಲವೋ ನನಗೆ ತಿಳಿಯಲಿಲ್ಲ.

"ಎತ್ತಲೇ ಅದನ್ನ!" ಅಂದ ಅಮೃತಪ್ಪ.

ನಾನು ಎತ್ತಲಿಲ್ಲ.