ಬುರುಡೆ ಕಾಯುವ ತನಕ

ಸಾಗರದ ಆ ಅಕ್ಕಿ ಗಿರಣಿಯಲ್ಲಿ ಆಯುಧಪೂಜೆಯ ಮೊದಲ ಮಂಗಳಾರತಿ ಎಂಜಿನ್ನಿಗೆ. ಕುಂಬಳಕಾಯಿ ಒಡೆಯುವವನು ಎಂಜಿನ್ ಡ್ರೈವರ್ ಗುತ್ಯಪ್ಪ. ಗಿರಣಿ ಶುರುವಾದಂದಿನಿಂದ ಅದೇ ಪದ್ಧತಿ. ಅರವತ್ನಾಲ್ಕನೇ ಇಸವಿಯಲ್ಲಿ ಧಣಿಗಳ ಸೋದರಳಿಯ ಹೂವಯ್ಯ, ಮೈಸೂರಿನಲ್ಲಿ ಅದೇನೋ ತರಬೇತಿ ಮುಗಿಸಿ ಮ್ಯಾನೇಜರಾಗಿ ಬಂದ ನೋಡಿ, ಎಲ್ಲ ಬುಡಮೇಲಾಯಿತು.

ಆಫೀಸಿನ ಹೊರಗಿನ ಹಲಗೆ ಗೋಡೆಯ ಮೇಲೆ ಹೂವಯ್ಯ ಒಂದು ಮರ ಬರೆಸಿದ. ತುದಿಯಲ್ಲಿ ಆಫೀಸು. ಅದರ ಕೆಳಗೆ ಭತ್ತ ಬೇಯಿಸುವ, ಒಣಗಿಸುವ, ಅಕ್ಕಿ ಮಾಡುವ ವಿಭಾಗಗಳು. ಒಂದೊಂದರ ಕೆಳಗೂ ಅದರದರ ಯಂತ್ರ. ಎಂಜಿನ್ನು ಎಲ್ಲಕ್ಕಿಂತ ಕೆಳಗೆ, ಬೇರಿನ ಹತ್ತಿರ. ಮೇಲಿನವರ ಅಪ್ಪಣೆಯಿಲ್ಲದೆ ಕೆಳಗಿನವರು ಒಂದು ಮೊಳೆಯನ್ನೂ ಮುಟ್ಟಕೂಡದು.

ಆ ವರ್ಷದ ಪೂಜೆಯೂ ಮರದ ಪ್ರಕಾರವೇ ನಡೆಯಿತು. ಮೊದಲ ಮಂಗಳಾರತಿ ಹೂವಯ್ಯನ ಮೇಜಿಗೆ. ಗುತ್ಯಪ್ಪ ಕುಂಬಳಕಾಯಿಗೆ ಕೈ ಚಾಚಿದಾಗ ಹೂವಯ್ಯ ಅದನ್ನು ಪಕ್ಕಕ್ಕೆ ಎಳೆದುಕೊಂಡ.

"ನೀನು ಕೊನೇಲಿ ನಿಲ್ಲು. ನಿನ್ನ ಜಾಗ ಎಲ್ಲಿ ಅಂತ ಗೋಡೆ ಮೇಲೆ ಬರ್ದಿದೆ."

ಅಂಗಳದಲ್ಲಿ ಭತ್ತ ಒಣಗಿಸುವ ಹೆಂಗಸರೆಲ್ಲ ನೋಡುತ್ತಿದ್ದರು, ಗುತ್ಯಪ್ಪನ ಹೆಂಡತಿ ವಿಶಾಲಮ್ಮನೂ. ಅವನ ಮೈಯೆಲ್ಲ ಉರಿದುಹೋಯಿತು. ಇವನ ಸೊಕ್ಕು ಮುರಿಯದೆ ಬಿಡುವುದಿಲ್ಲ ಎಂದು ಅಲ್ಲೇ ಹಲ್ಲು ಕಚ್ಚಿದ.

ಅಂದಿನಿಂದ ಅವನಷ್ಟು ವಿಧೇಯ ಆಳು ಗಿರಣಿಯಲ್ಲಿ ಇನ್ನೊಬ್ಬನಿಲ್ಲ. ಆ ಹಳೇ ಎಂಜಿನ್ನಿನ ತಲೆಯ ಮೇಲೊಂದು ಕಬ್ಬಿಣದ ಬುರುಡೆ. ಬೆಂಕಿ ಉಗುಳುವ ಬ್ಲೋಲ್ಯಾಂಪ್ ಹಿಡಿದು ಅದನ್ನು ಕೆಂಪಗೆ ಕಾಯಿಸಿದ ಮೇಲೇ ಎಂಜಿನ್ನು ತಿರುಗುವುದು. ಮುಂಚೆ ಬೆಳಕು ಹರಿಯುವಾಗಲೇ ಬಂದು ಕಾಯಿಸುತ್ತಿದ್ದವನು ಈಗ ಅಪ್ಪಣೆ ಬರುವ ತನಕ ಬೀಡಿ ಸೇದುತ್ತ ಕೂರುತ್ತಿದ್ದ. ಎಂಜಿನ್ ಮನೆಗೆ ಕಾಲಿಡದ ಹೂವಯ್ಯನಿಗೆ ಬುರುಡೆಯ ಸಂಗತಿಯೇ ಗೊತ್ತಿರಲಿಲ್ಲ.

ಅಮಾವಾಸ್ಯೆ ರಜೆಯ ಮರುದಿನ ಬೆಳಿಗ್ಗೆ, ಭತ್ತ ಬೇಯಿಸುವ ವಿಭಾಗದ ಜಯಪ್ಪ ಒಲೆ ಹಚ್ಚಿಟ್ಟು ತಿಂಡಿಗೆ ಮನೆಗೆ ಹೋಗಿದ್ದ. ಕಿಡಿ ಹಾರಿ ಆಫೀಸಿನ ಪಕ್ಕದ ಉಮಿರಾಶಿಗೆ ಬಿದ್ದು ಧಗ್ಗನೆ ಹೊತ್ತಿಕೊಂಡಿತು. ಆಳದ ಬಾವಿ, ಕೊಡದಲ್ಲಿ ಸೇದಿದ ನೀರು ಎಲ್ಲಿಗೂ ಸಾಲದು. ಬಾವಿಯ ಪಂಪು ತಿರುಗಲು ಎಂಜಿನ್ನೇ ಬೇಕು. ಹೂವಯ್ಯ ಪಂಚೆ ಎತ್ತಿಕೊಂಡು ಎಂಜಿನ್ ಮನೆಗೆ ಓಡಿ ಬಂದ.

"ಎಂಜಿನ್ ಹಾಕೋ!"

"ಪಂಪು ಬೇಯ್ಸೋ ವಿಭಾಗದ್ದಲ್ವಾ ಒಡೇರೆ? ಜಯಪ್ಪ ಹೇಳ್ಬೇಕು," ಎಂದ ಗುತ್ಯಪ್ಪ, ಕೂತಲ್ಲಿಂದ ಏಳದೆ.

"ನಾನೇ ಹೇಳ್ತಿದೀನಲ್ಲೋ!"

"ಹಂಗಾದ್ರೆ ಎಂಜಿನ್ ಜಾಗ ಎಲ್ಲಿ ಅಂತನೂ ಹೇಳಿ. ಜೋರಾಗಿ. ಅಂಗಳದೋರಿಗೆ ಕೇಳ್ಲಿ."

ಬೆಂಕಿ ಆಫೀಸಿನ ಮಾಡಿಗೆ ಹತ್ತಿತು. ಹೂವಯ್ಯ ಕೈ ಮುಗಿದು ಅರಚಿದ:

"ನಿನ್ನ ಎಂಜಿನ್ನೇ ಮೊದ್ಲು ಮಾರಾಯ! ಎಲ್ಲದಕ್ಕೂ ಮೊದ್ಲು!"

ಕೊಡ ಹಿಡಿದ ಹೆಂಗಸರು ನಿಂತು ಕೇಳಿದರು. ಗುತ್ಯಪ್ಪನ ಹೊಟ್ಟೆ ತಣ್ಣಗಾಯಿತು. ಬೀಡಿ ಹೊಸಕಿ, ನಿಧಾನವಾಗಿ ಎದ್ದು, ಬ್ಲೋಲ್ಯಾಂಪಿಗೆ ಕಡ್ಡಿ ಗೀರಿದ.

"ಅದೆಂತಕ್ಕೋ ಈಗ? ಎಂಜಿನ್ ಹಾಕು!"

"ಬುರುಡೆ ಕಾಯ್ಬೇಕಲ್ಲ ಒಡೇರೆ, ಅರ್ಧ ಗಂಟೆನಾದ್ರೂ. ಅಪ್ಪಣೆ ಬಂದಿದ್ದು ಈಗ್ಲೇ ಅಲ್ವಾ?"

ಹೂವಯ್ಯ ಒಬ್ಬ ಹೆಂಗಸಿನ ಕೈಯ ಕೊಡ ಕಸಿದುಕೊಂಡು ಬಾವಿಯ ಕಡೆ ಓಡಿದ. ಗುತ್ಯಪ್ಪ ಲ್ಯಾಂಪಿಗೆ ಗಾಳಿ ಹಾಕುತ್ತ, ಬಾಗಿಲಾಚೆ ಆಫೀಸಿನ ಗೋಡೆಯ ಮೇಲಿನ ಮರ ತುದಿಯಿಂದ ಬೇರಿನವರೆಗೆ ಉರಿಯುವುದನ್ನು ಕಣ್ಣು ತುಂಬ ನೋಡಿದ.