ಎರಡನೇ ಆಟದೊಳಗಿನ ಅಳು

"ಇವಾ ಎಷ್ಟೊತ್ತು ಬಿದ್ದಿರಬೇಕ?"

ಕೋಣೆಯಲ್ಲಿ ಯಾರೂ ಇರಲಿಲ್ಲ. ಕಂಪ್ಯೂಟರಿನ ಪರದೆಯ ಮೇಲೆ, ಕೋಟೆಯ ಬಾಗಿಲ ಮುಂದೆ ಕವುಚಿ ಬಿದ್ದಿದ್ದ ತನ್ನ ಹೊಸ ಆಟದ ವೀರನನ್ನು ನೋಡುತ್ತ ಸಿದ್ದರಾಮ ಕೇಳಿದ್ದ. ಎರಡು ಸೆಕೆಂಡಾದರೆ ಅವಸರ ಅನ್ನಿಸುತ್ತಿತ್ತು. ಐದಾದರೆ ಅವನು ಬಿದ್ದಾಗ ಏಳುವ ಹೆಂಗಸಿನ ಅಳುವ ದನಿ ನಡುವೆ ಕತ್ತರಿಸಿದಂತಾಗುತ್ತಿತ್ತು. ಕಡೆಗೆ ದನಿ ಮುಗಿಯುವ ತನಕ ಎಂದು ಇಟ್ಟ. ಹನ್ನೊಂದು ಸೆಕೆಂಡು.

ಮೊದಲನೆಯ ಆಟವನ್ನು ಅವನೂ ಗೆಳೆಯ ಬಾಳೇಶನೂ ಕೂಡಿ ಮಾಡಿದ್ದರು. ರಾಮದುರ್ಗದಲ್ಲಿ ತಂಗಿ ಸಪ್ನಾ ನಡೆಸುವ ಝೆರಾಕ್ಸ್ ಅಂಗಡಿಯ ಹಿಂದಿನ ಈ ಕೋಣೆಯಲ್ಲೇ. ಅದರಲ್ಲಿ ವೀರನ ಕಾಲು ನೆಲಕ್ಕೆ ಹತ್ತುತ್ತಿರಲಿಲ್ಲ, ಎಣ್ಣೆಯ ಮೇಲೆ ನಡೆದಂತೆ ಜಾರುತ್ತಿದ್ದ. ಬೀಸಿದ ಕತ್ತಿ ವೈರಿಯ ಹೊಟ್ಟೆ ದಾಟಿ ಹೋದರೂ ಅವನಿಗೆ ಗೊತ್ತಾಗುತ್ತಿರಲಿಲ್ಲ. 'ಇದಕಿಂತ ಚಿನ್ನಿದಾಂಡು ಚೊಲೊ' ಎಂದು ಆಡಿದವನೊಬ್ಬ ಬರೆದಿದ್ದ. ಬಾಳೇಶ ಅದನ್ನು ಓದಿ ಓದಿ ನಕ್ಕಿದ್ದ. "ಎರಡನೇದಕ್ಕ ನಾನ ಓಡತೇನಿ, ನೀ ವಿಡಿಯೊ ಹಿಡಿ" ಎಂದು ಮಲಪ್ರಭೆಯ ಉಸುಕಿನಲ್ಲಿ ಒಂದು ಮುಂಜಾನೆಯೆಲ್ಲ ಓಡಿದ್ದ, ಜಿಗಿದಿದ್ದ. ಆ ವಿಡಿಯೊ ನೋಡಿ ಒಂದೊಂದೇ ಹೆಜ್ಜೆಯನ್ನು ವೀರನಿಗೆ ಕೂಡಿಸುವಷ್ಟರಲ್ಲಿ ಬಾಳೇಶನೇ ಇರಲಿಲ್ಲ. ಸುರೇಬಾನದ ರಸ್ತೆಯಲ್ಲಿ ಬೈಕು ಜಾರಿತ್ತು.

ಹೆಣವನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ಭಜನೆಯವರು ಬಂದಿದ್ದರು. ಎಲ್ಲಿ ಪದ ಕೇಳಿದರೂ ಮೊಬೈಲಿನಲ್ಲಿ ಹಿಡಿದುಕೊಳ್ಳುವುದು ಸಿದ್ದರಾಮನ ಹಳೆಯ ರೂಢಿ; ಅಂದೂ ಬೆರಳು ತಾನಾಗಿ ಒತ್ತಿತ್ತು. ತಾಳ ನಿಂತಾಗ ಬಾಳೇಶನ ತಾಯಿ ಕೆಂಪವ್ವ ಮಗನ ಗಲ್ಲ ಹಿಡಿದು ಹಾಡಿ ಹಾಡಿ ಅತ್ತಳು. ಆ ಕಡೆಯ ಹೆಂಗಸರು ಸತ್ತವರನ್ನು ಹಾಗೆ ನುಡಿ ಕಟ್ಟಿ, ರಾಗ ಎಳೆದು ಕರೆಯುತ್ತಾರೆ. ಮನೆಗೆ ಬಂದು ಅದನ್ನು ಅಳಿಸಬೇಕಿತ್ತು. ಅಳಿಸಲಿಲ್ಲ.

ಹೊಸ ಆಟದಲ್ಲಿ ಕತ್ತಿಗೆ ತೂಕ ಬಂದಿತ್ತು. ವೈರಿಗಳು ಸಪ್ಪಳಕ್ಕೆ ಹೊರಳಿ ನೋಡುತ್ತಿದ್ದರು. ವೀರ ಬಿದ್ದಾಗ ಮಾತ್ರ ಜೋಳದ ಚೀಲ ಬಿದ್ದಂತಿತ್ತು. ಅಲ್ಲಿ ಕೆಂಪವ್ವನ ಅಳುವಿನ ಆ ಹನ್ನೊಂದು ಸೆಕೆಂಡು ಕೂಡಿಸಿದ. ಆಡಿ ನೋಡಲು ಕಳಿಸಿದ ಇಪ್ಪತ್ತು ಮಂದಿಯೂ ಅದನ್ನೇ ಬರೆದರು: ಮೊದಲಿನದು ಬರೀ ಆಟ, ಇದು ಬೇರೆ, ಆ ಹೆಂಗಸಿನ ದನಿಗೆ ಮೈ ಜುಮ್ಮೆನ್ನುತ್ತದೆ. ಓದಿದಾಗ ಸಿದ್ದರಾಮನಿಗೆ ಮೊದಲು ಆದದ್ದು ಹಿಗ್ಗು. ಈಗ ಅವನನ್ನು ಸುಡುತ್ತಿದ್ದುದು ಆ ಹಿಗ್ಗೇ.

ಚಹಾ ತಂದ ಸಪ್ನಾ ಕಂಪ್ಯೂಟರಿನಿಂದ ಬರುತ್ತಿದ್ದ ದನಿ ಕೇಳಿ ಬಾಗಿಲಲ್ಲೇ ನಿಂತಳು. "ಅಣ್ಣಾ, ಇದು ಕೆಂಪತ್ತಿ ದನಿ."

"ಹೂಂ."

"ಕೇಳಿ ಹಾಕೀಯೇನ?"

ಅವನು ಕಪ್ಪು ತೆಗೆದುಕೊಂಡ.

"ಶುಕ್ರವಾರ ಆಟ ಬಿಟ್ಟಿ ಅಂದ್ರ ಮಂದಿ ಮೊಬೈಲಿನ್ಯಾಗೆಲ್ಲ ಆಕಿನ್ನ ಅಳಸಾಂವ ಇದ್ದಿ. ಆಕಿಗೊಂದ ಮಾತ ಹೇಳಾಕ ನಿನ್ನ ಬಾಯಿ ಬಿದ್ದೈತೇನ? ಹೋಗು. ಬ್ಯಾಡ ಅಂದ್ರ ತಗಿ."

ಮರುದಿನ ಮುಂಜಾನೆ ಅವನು ಸುರೇಬಾನದ ಬಸ್ಸು ಹತ್ತಿದ. ಕೆಂಪವ್ವ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದಳು.

"ಬಾರೋ ಸಿದ್ದಾ. ಬಾಳ್ಯಾ ಇದ್ದಾಗ ಬುಟ್ಟಿ ರೊಟ್ಟಿ ಖಾಲಿ ಮಾಡಾಕ ದಾರಿ ಗೊತ್ತಿತ್ತು. ವರ್ಸ ಆತು, ಮರತ ಬಿಟ್ಟಿ."

"ಯವ್ವಾ, ಒಂದು ತಪ್ಪು ಮಾಡೇನಿ."

"ಮೊದಲ ಕುಂಡ್ರು. ತಪ್ಪು ಎಲ್ಲೂ ಓಡಿ ಹೋಗಾಂಗಿಲ್ಲ."

ಅವನು ಎಲ್ಲವನ್ನೂ ಹೇಳಿದ. ಅಂದು ಮೊಬೈಲು ಒತ್ತಿದ್ದು, ಇಟ್ಟುಕೊಂಡದ್ದು, ಆಟಕ್ಕೆ ಹಚ್ಚಿದ್ದು, ಮಂದಿ ಹೊಗಳಿದ್ದು. ಹೊಗಳಿದಾಗ ತಾನು ಹಿಗ್ಗಿದ್ದನ್ನೂ ಹೇಳಿದ. ಕೆಂಪವ್ವನ ಬೆರಳುಗಳು ನಿಂತವು.

"ನಾ ಏನಂದು ಅತ್ತೆ ಅನ್ನೂದು ನನಗ ನೆಪ್ಪಿಲ್ಲ," ಎಂದಳು. "ಕೇಳಸು."

ಅವನು ಮೊಬೈಲಿನಲ್ಲಿ ಆಟ ತೆರೆದ. ವೀರ ಕೋಟೆಯ ದಾರಿ ಹಿಡಿದು ಓಡಿದ. ಕೆಂಪವ್ವ ಮುಖವನ್ನು ಪರದೆಯ ಹತ್ತಿರ ತಂದಳು. ಬಲ ಹೆಗಲು ಮುಂದೆ ಹಾಕಿ, ಎಡಗೈ ತುಸು ದೂರ ಹಿಡಿದು ಓಡುವ ಆ ಓಟ.

"ಬಾಳ್ಯಾ," ಎಂದಳು. ಅದು ಸಿದ್ದರಾಮನಿಗೆ ಹೇಳಿದ್ದಲ್ಲ.

"ದನಿ ಬರಬೇಕಂದ್ರ ಇವಾ ಬೀಳಬೇಕ ಯವ್ವಾ."

"ಬೀಳಸು ಮತ್ತ."

ಅವನು ಬೆರಳು ತೆಗೆದ. ವೈರಿಗಳು ಸುತ್ತುಗಟ್ಟಿದರು. ವೀರ ಮೊಣಕಾಲೂರಿ, ಆಮೇಲೆ ಕವುಚಿ ಬಿದ್ದ. ದನಿ ಎದ್ದಿತು:

ಹೊತ್ತೇರಿತೊ ನನ ಮಗನ, ಬಿಸಿ ರೊಟ್ಟಿ ಆರಿತೊ,
ಬುತ್ತಿ ಬಿಟ್ಟು ಯಾವ ಊರ ದಾರಿ ಹಿಡದ್ಯೊ...

ಕೆಂಪವ್ವ ತಲೆ ವಾಲಿಸಿ ಕೇಳಿದಳು, ಬೇರೆ ಯಾರೋ ಹಾಡುತ್ತಿದ್ದಾರೆ ಎಂಬಂತೆ. "ಛಂದ ಅಂದೇನಿ," ಎಂದವಳು ಕೂಡಲೇ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ದನಿ ನಿಂತಿತು. ವೀರ ಅಂಗೈ ಊರಿ ಎದ್ದ, ಮೈ ಝಾಡಿಸಿಕೊಂಡ, ನಡೆಯತೊಡಗಿದ.

"ಎದ್ದನೋ!"

"ಆಟದಾಗ ಏಳತಾರ ಯವ್ವಾ." ಸಿದ್ದರಾಮ ತಲೆ ತಗ್ಗಿಸಿದ. "ನಿನ್ನ ದನಿ ತಗದ ಬಿಡತೇನಿ. ಇವತ್ತ ತಗೀತೇನಿ. ನೀ ಹೂಂ ಅನ್ನು ಅಷ್ಟ."

ಅವಳು ಮೊಬೈಲಿದ್ದ ಅವನ ಕೈಯನ್ನೇ ತನ್ನ ಕಡೆ ಎಳೆದುಕೊಂಡಳು.

"ಮತ್ತೊಮ್ಮೆ ಬೀಳಸು."

"ಯವ್ವಾ..."

"ಬಿದ್ರಲ್ಲೇನೊ ಏಳಾಂವ? ಬೀಳಸೋ ಎಪ್ಪಾ, ಒಂದ ಸಲ."

ಪರದೆಯ ಮೇಲೆ ವೀರ ಬೇವಿನ ಗಿಡದ ಕೆಳಗೆ ನಿಂತು ಏದುಸಿರು ಬಿಡುತ್ತಿದ್ದ. ಆಚೆ ಬಾಗಿಲಿನಿಂದ ಇಬ್ಬರು ಕತ್ತಿ ಹಿರಿದು ಬರುತ್ತಿದ್ದರು. ಸಿದ್ದರಾಮ ಹೆಬ್ಬೆರಳೊತ್ತಿ ಅವನನ್ನು ಹಿಂದಕ್ಕೆ, ಬಂದ ದಾರಿಗೇ ಓಡಿಸಿದ.

"ಒಲ್ಲೆವ್ವಾ," ಎಂದ. "ನಾ ಬೀಳಸಾಂಗಿಲ್ಲ."